ಮಧ್ಯಾಹ್ನ ಬಾಗುತ್ತಿದ್ದ ಹಳಿ

ಆಗೆಲ್ಲ ನಮ್ಮ ರಾಜಗೋಪಾಲನಗರದ ತಾರಸಿಗಳು ಖಾಲಿ ಇರುತ್ತಿದ್ದವು. ಈಗ ಹೇಳಿದರೆ ಮಕ್ಕಳು ನಂಬುವುದಿಲ್ಲ. ಒಂದು ಕಪ್ಪು ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ಒಂದು ತಂತಿ, ಉಳಿದದ್ದೆಲ್ಲ ಬಿಸಿಲು. ಪೀಣ್ಯದ ಕಾರ್ಖಾನೆಗಳ ಕಡೆಯಿಂದ ತಗಡು ಒತ್ತುವ ಪ್ರೆಸ್ಸುಗಳ ದಢ್ ದಢ್ ಸದ್ದು ಬರುತ್ತಿತ್ತು. ಗಾಳಿ ತಿರುಗಿದರೆ ಲೇತ್ ಮಿಷನ್ನಿನ ಎಣ್ಣೆಯ ಹುಳಿ ವಾಸನೆ, ಇನ್ನೊಂದು ಕಡೆ ತಿರುಗಿದರೆ ಹಿಂದಿನ ಬೀದಿಯ ಶೆಡ್ಡಿನಿಂದ ಬಣ್ಣ ಸುಡುವ ವಾಸನೆ. ಊಟದ ಬಿಡುವಿಗೆ ಪ್ರೆಸ್ಸುಗಳು ನಿಂತರೆ ಕಿವಿಯೊಳಗೆ ಏನೋ ಖಾಲಿಯಾದ ಹಾಗಾಗುತ್ತಿತ್ತು. ಆ ಕಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಅಂಥ ಒಂದು ತಾರಸಿಯ ಮೇಲೆ ನಡೆದದ್ದು. ನಾನು ಐದನೇ ಕ್ಲಾಸಿನಲ್ಲಿದ್ದೆ. ಸಂಕ್ರಾಂತಿ ಕಳೆದ ಮೇಲೆ ಶುರುವಾಗಿ ಯುಗಾದಿಗೆ ಮೊದಲೇ ಮುಗಿದುಹೋಯಿತು. ನಾನು ಈಗ ಪೀಣ್ಯದಲ್ಲಿ ಚಾವಣಿ ಶೀಟುಗಳ ಅಂಗಡಿ ಇಟ್ಟಿರುವ ಹೆಂಗಸು. ಎದುರಿಗಿರುವವರು ಏನು ಹೇಳುತ್ತಿದ್ದಾರೆ, ಏನು ಮುಚ್ಚಿಡುತ್ತಿದ್ದಾರೆ ಎಂದು ಮುಖ ನೋಡಿಯೇ ಹೇಳಬಲ್ಲೆ. ಅದೇ ನನ್ನ ಬಂಡವಾಳ. ಆದರೆ ಆ ಬೇಸಗೆಯಲ್ಲಿ ಒಬ್ಬರು ನನಗೆ ಹೇಳಿದ ಒಂದು ಮಾತು ನಿಜವೋ ಸುಳ್ಳೋ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾವು ಗದಗಿನ ಕಡೆಯವರು. ಅಪ್ಪ ನಿಂಗಪ್ಪ ಐಟಿಐ ಮುಗಿಸಿ ಜಾಲಹಳ್ಳಿಯ ದೊಡ್ಡ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿ ಸೇರಿದಾಗ ಅವರಿಗೆ ಕೆಲಸ ಕಲಿಸಿದವರು ವೆಂಕಟಸುಬ್ಬಯ್ಯ ಸಾರ್. ಅವಧಿ ಮುಗಿದ ಮೇಲೆ ಅಪ್ಪ ಪೀಣ್ಯದಲ್ಲಿ ಅಚ್ಚುಗಳನ್ನು ತಯಾರಿಸುವ ಒಂದು ಸಣ್ಣ ಟೂಲ್‌ರೂಮಿಗೆ ಸೇರಿದರು. ಸಾರ್ ರಿಟೈರಾಗಿ ರಾಜಗೋಪಾಲನಗರದಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿದರು. ಅವರ ಹಿತ್ತಲಿನ ಒಂದು ಕೋಣೆಯಲ್ಲಿ ಬಾಡಿಗೆಗೆ ನಾವಿದ್ದೆವು. ಅಪ್ಪ ಅವರನ್ನು ಸರ್ ಅನ್ನುತ್ತಿದ್ದರು, ಅವ್ವ ನನಗೆ ಅಜ್ಜ ಅನ್ನು ಅಂದಿದ್ದಳು. ನಾನು ಎರಡನ್ನೂ ಸೇರಿಸಿ ಸರಜ್ಜ ಅಂದೆ. ಅದೇ ಉಳಿಯಿತು. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಅವರು ಮತ್ತು ಅವರ ಹೆಂಡತಿ ಲಲಿತಜ್ಜಿ, ಇಬ್ಬರೇ.

ಸರಜ್ಜನಿಗೆ ಕಣ್ಣು ಹೋಗುತ್ತಿತ್ತು. ಪೊರೆಯಲ್ಲ, ಪೊರೆಯಾದರೆ ತೆಗೆಯಬಹುದಿತ್ತು. ನೋಟದ ನಡುವಿನ ಜಾಗ ಮಾತ್ರ ಮಸುಕಾಗುತ್ತಾ ಹೋಗುವ ಕಾಯಿಲೆ. ಡಾಕ್ಟರು ಅವರಿಗೆ ಚೌಕುಳಿ ಗೆರೆಗಳಿದ್ದ ಒಂದು ಹಾಳೆ ಕೊಟ್ಟು, ದಿನವೂ ಒಂದೊಂದೇ ಕಣ್ಣಿನಿಂದ ನೋಡಬೇಕು, ಗೆರೆ ಎಲ್ಲಿ ಸೊಟ್ಟ ಕಾಣುತ್ತದೋ ಗಮನಿಸಬೇಕು ಎಂದಿದ್ದರು. ಅದನ್ನು ಅವರು ಅಡುಗೆಮನೆಯ ಬಾಗಿಲ ಪಕ್ಕ ಅಂಟಿಸಿಕೊಂಡಿದ್ದರು. "ಬಾ ಮಂಜು, ಇವತ್ತು ನಮ್ಮ ಗೆರೆಗಳು ಎಷ್ಟು ಕುಣೀತಿವೆ ನೋಡೋಣ," ಎಂದು ನನ್ನನ್ನು ಕರೆದು ಹಾಳೆಯ ಮುಂದೆ ನಿಲ್ಲುವರು. ನನಗೆ ಎಲ್ಲವೂ ನೇರವೇ ಕಾಣುತ್ತಿತ್ತು. ಅವರಿಗೆ ಬಾಗಿಲ ಚೌಕಟ್ಟೂ ನಡುಗುತ್ತಿತ್ತಂತೆ. ಮನೆಯೊಳಗಿನ ಬೆಳಕಿನಲ್ಲಿ ಅವರಿಗೆ ನನ್ನ ಮುಖ ತಿಳಿಯುತ್ತಿರಲಿಲ್ಲ. ತಾರಸಿಯ ಮೇಲೆ, ನೆತ್ತಿಯ ಮೇಲಿನ ಬಿಸಿಲಿನಲ್ಲಿ, "ಓಹೋ, ಇವತ್ತು ಕೆಂಪು ಟೇಪಾ?" ಎಂದು ನನ್ನ ಜಡೆ ನೋಡಿ ಹೇಳುವಷ್ಟು ಕಾಣುತ್ತಿತ್ತು.

ಆ ಸಂಕ್ರಾಂತಿಯ ಮಾರನೆಯ ದಿನ ಅವರು ಅಪ್ಪನಿಂದ ಮಂಚದ ಕೆಳಗಿನ ಒಂದು ಟ್ರಂಕು ಎಳೆಸಿದರು. ಒಳಗೆ ಹಳೆಯ ಪೇಪರಿನಲ್ಲಿ ಸುತ್ತಿದ, ಕರೆಂಟಿನಲ್ಲಿ ಓಡುವ ಆಟಿಕೆ ರೈಲು. ಹಸಿರು ಎಂಜಿನ್ನು, ಮೂರು ಡಬ್ಬಿ, ಒಂದು ಗುಂಡನೆ ಸುತ್ತಾಗುವಷ್ಟು ಹಳಿ. ಬಿಚ್ಚಿದ ತಕ್ಷಣ ನುಸಿಗುಳಿಗೆ ಮತ್ತು ಹೊಲಿಗೆ ಮಿಷನ್ ಎಣ್ಣೆಯ ವಾಸನೆ ಬಂತು. ಯಾವುದೋ ಕಾಲದಲ್ಲಿ ಕಾರ್ಖಾನೆಯವರು ಅವರನ್ನು ಜರ್ಮನಿಗೆ ತರಬೇತಿಗೆ ಕಳಿಸಿದ್ದಾಗ ತಂದದ್ದಂತೆ.

"ಅಲ್ಲಿ ಊಟಕ್ಕೆ ಕೊಟ್ಟ ದುಡ್ಡಲ್ಲಿ ಇದನ್ನ ತಗೊಂಡು, ತಿಂಗಳೆಲ್ಲ ಬ್ರೆಡ್ಡು ತಿಂದ್ಕೊಂಡಿದ್ರು," ಎಂದರು ಲಲಿತಜ್ಜಿ. "ನನಗೊಂದು ಕರ್ಚೀಫೂ ಬರಲಿಲ್ಲ."

"ನಿಂಗಪ್ಪ, ಇದು ಓಡೋದನ್ನ ಸರಿಯಾಗಿ ನೋಡೇ ಇಲ್ಲ ಕಣಯ್ಯ ನಾನು," ಎಂದರು ಸರಜ್ಜ. "ಕ್ವಾರ್ಟರ್ಸಲ್ಲಿ ಜಾಗ ಇರಲಿಲ್ಲ. ಆಮೇಲೆ ಯಾರಿಗೋಸ್ಕರ ತೆಗೆಯೋದು ಅನ್ನಿಸ್ತು. ಈಗ ಕಣ್ಣಿರೋದ್ರೊಳಗೆ ಒಂದ್ಸಲ ನೋಡ್ಬಿಡ್ಬೇಕು. ಈ ಗುಂಡು ಸುತ್ತಲ್ಲಿ ಗಿರಗಿರ ತಿರುಗಿದ್ರೆ ನನಗೆ ಸಿಗಲ್ಲ. ದೂರದಿಂದ ಬರ್ಬೇಕು, ಮುಂದೆ ಹಾದು ಹೋಗ್ಬೇಕು. ತಾರಸಿ ಮೇಲೆ, ಬಿಸಿಲಲ್ಲಿ."

ಅಪ್ಪ ಹಿಂದೆಮುಂದೆ ನೋಡಲಿಲ್ಲ. "ಮಾಡೂಣ್ರಿ ಸರ್ರ," ಎಂದರು.

ಅಪ್ಪನ ಜೊತೆ ಗುಜರಿ ಅಂಗಡಿಗೆ ಹೋದದ್ದು ನಾನು. ಹಳಿ ಉದ್ದ ಮಾಡಲು ಹಿತ್ತಾಳೆ ಪಟ್ಟಿ ಬೇಕಿತ್ತು. ಅಂಗಡಿಯ ರಫೀಕಣ್ಣ ತೂಕಕ್ಕೆ ಹಾಕಿ ಒಂದು ರೇಟು ಹೇಳಿದ. ಅಪ್ಪ ಸುಮ್ಮನೆ ಜೇಬಿಗೆ ಕೈ ಹಾಕಿದರು. ಟೂಲ್‌ರೂಮಿನ ಗಂಡಸರೆಲ್ಲ ಹಾಗೇ. ಮೈಕ್ರಾನ್ ಹಿಡಿಯುತ್ತಾರೆ, ರೂಪಾಯಿ ಬಿಟ್ಟುಬಿಡುತ್ತಾರೆ.

"ಅಣ್ಣಾ, ಇದರ ತುದಿ ಎಲ್ಲ ಕಪ್ಪಾಗಿದೆ. ಅಷ್ಟು ಕತ್ತರಿಸಿ ಎಸೀಬೇಕು. ಎಸೆಯೋದಕ್ಕೂ ನಾವು ದುಡ್ಡು ಕೊಡ್ಬೇಕಾ?" ಎಂದೆ ನಾನು.

ರಫೀಕಣ್ಣ ತಕ್ಕಡಿ ಕೆಳಗಿಟ್ಟ. "ಅರೇ ನಿಂಗಪ್ಪಣ್ಣ, ಈ ಚೋಟುದ್ದದ್ದನ್ನ ಯಾಕೆ ಕರ್ಕೊಂಡ್ಬಂದ್ರಿ? ಇನ್ನು ನಾಕು ವರ್ಷಕ್ಕೆ ನನ್ನನ್ನೇ ಗುಜರಿಗೆ ಹಾಕ್ತಾಳೆ ಇವ್ಳು." ಬೈಯುತ್ತಲೇ ಕಮ್ಮಿ ಮಾಡಿದ, ಮೇಲೆ ಎರಡು ತುಂಡು ಎಸೆದ. ಕೊಳ್ಳುವ ಮಾಲಿನಲ್ಲಿ ಮೊದಲು ಒಂದು ಊನ ಹುಡುಕಿ ಮೆಲ್ಲಗೆ ಹೇಳಿ. ಜೋರಾಗಿ ಹೇಳಿದರೆ ಜಗಳ, ಮೆಲ್ಲಗೆ ಹೇಳಿದರೆ ರೇಟು ಇಳಿಯುತ್ತದೆ. ನನ್ನ ಇಡೀ ವ್ಯಾಪಾರ ಆ ದಿನದ ಮೇಲೆ ನಿಂತಿದೆ.

ಅಪ್ಪ ದಿನಾ ಬೆಳಿಗ್ಗೆ ಷಿಫ್ಟಿಗೆ ಮೊದಲು, ಚಳಿಯಲ್ಲಿ ತಲೆಗೆ ಮಫ್ಲರ್ ಸುತ್ತಿಕೊಂಡು ಕೆಲಸ ಮಾಡಿದರು. ಹಳಿಯ ಕೆಳಗೆ ಅಡ್ಡಡ್ಡ ಜೋಡಿಸುವ ಪಟ್ಟಿಗಳಿಗೆ ತಮ್ಮ ಕೆಲಸದ ಜಾಗದಲ್ಲಿ ಉಳಿದ ಕರಿ ಪ್ಲಾಸ್ಟಿಕ್ ತಂದು ಒಂದೇ ಅಳತೆಗೆ ಕತ್ತರಿಸಿದರು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಬಿಸಿಲಿಗಿಡುವ ಪ್ಲಾಸ್ಟಿಕ್ ಕರಿದೇ ಇರಲಿ. ರೈಲಿನ ಜೊತೆ ಬಂದಿದ್ದ ಕಂದು ಪಟ್ಟಿಗಳು ತಿಂಗಳೊಳಗೆ ಬಿಳಿಚಿ, ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯತೊಡಗಿದವು. ಅಪ್ಪನ ಕರಿಯವು ಜಗ್ಗಲಿಲ್ಲ.

ಆದರೆ ಅಪ್ಪನ ಹೆಮ್ಮೆ ಇದ್ದದ್ದು ಪಟ್ಟಿಯಲ್ಲಲ್ಲ, ಕೂಡಿಕೆಯಲ್ಲಿ. ಅಪ್ರೆಂಟಿಸ್ ಹುಡುಗರಿಗೆ ಸರಜ್ಜ ಒಂದು ಪರೀಕ್ಷೆ ಇಡುತ್ತಿದ್ದರಂತೆ. ಎರಡು ಲೋಹದ ತುಂಡುಗಳನ್ನು ಅರದಿಂದ ಉಜ್ಜಿ, ಒಂದಕ್ಕೊಂದು ಆನಿಸಿ, ಟ್ಯೂಬ್‌ಲೈಟಿನ ಎದುರು ಹಿಡಿಯಬೇಕು. ನಡುವಿನಿಂದ ಕೂದಲೆಳೆಯಷ್ಟು ಬೆಳಕು ಬಂದರೂ ಮತ್ತೆ ಉಜ್ಜಬೇಕು. ಅಪ್ಪ ಒಂದೊಂದು ಹಳಿಯ ತುದಿಯನ್ನೂ ಹಾಗೆ ಉಜ್ಜಿದರು. ನನ್ನನ್ನು ಕರೆದು, "ನೋಡವ್ವ, ಬೆಳಕ ಬರತೈತೇನ?" ಎಂದು ಕೇಳಿ, ಇಲ್ಲ ಅಂದ ಮೇಲೆ ಬೆಸುಗೆ ಹಾಕಿದರು. ತಾರಸಿಯ ಎರಡು ಬದಿಗೆ ಇಪ್ಪತ್ತೈದು ಅಡಿ ಉದ್ದದ ಎರಡು ನೇರ ಹಳಿ, ಎರಡೂ ತುದಿಗೆ ತಿರುವು. ತಿರುವುಗಳು ಅಲುಗಬಾರದೆಂದು ಸಿಮೆಂಟಿನಲ್ಲಿ ಕೂರಿಸಿದರು. ಕೈಯಾಡಿಸಿದರೆ ಎಲ್ಲಿ ಕೂಡಿದೆ ಎಂದು ಉಗುರಿಗೂ ತಿಳಿಯುತ್ತಿರಲಿಲ್ಲ. ಸರಜ್ಜ ಇಡೀ ಉದ್ದಕ್ಕೂ ಬೆರಳಾಡಿಸಿ, ತುದಿಗೆ ಬಂದು, "ಪಾಸು ಕಣಯ್ಯ," ಎಂದರು. ಅಪ್ಪ ಅವತ್ತು ರೊಟ್ಟಿ ಎರಡು ಹೆಚ್ಚು ತಿಂದರು.

ನನ್ನ ಕೆಲಸ ಹಳಿ ಉಜ್ಜುವುದು. ಬಿಸಿಲು, ಇಬ್ಬನಿಗೆ ಹಿತ್ತಾಳೆ ಕಪ್ಪಾದರೆ ಕರೆಂಟು ಹರಿಯುವುದಿಲ್ಲ. ಅವ್ವ ಹುಣಸೆಹಣ್ಣು ಕೊಟ್ಟಳು. ಉಜ್ಜಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಕು, ಇಲ್ಲದಿದ್ದರೆ ಹಸಿರು ಕಟ್ಟುತ್ತದೆ. ದಿನವೂ ಉಜ್ಜಿ ಉಜ್ಜಿ, ಊಟ ಮಾಡುವಾಗ ನನ್ನ ಬೆರಳಿನಲ್ಲಿ ಹುಳಿ ಮತ್ತು ಹಿತ್ತಾಳೆಯ ವಾಸನೆ. ಉಳಿದ ಹುಣಸೆಯನ್ನು ಉಪ್ಪು ಸೇರಿಸಿ ಚೀಪಿಬಿಡುತ್ತಿದ್ದೆ. ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಶಿವರಾತ್ರಿ ಬಂದಿತ್ತು. ಒಂದು ಸಂಜೆ ಅಪ್ಪ ಓಡಿಸಿ ನೋಡಿದರು. ಸಲೀಸಾಗಿ ಓಡಿತು. ಆದರೆ ಸಂಜೆಯ ಬೆಳಕು ಸರಜ್ಜನಿಗೆ ಸಾಲದು. "ಸದ್ದು ಚೆನ್ನಾಗಿದೆ," ಎಂದಷ್ಟೇ ಹೇಳಿದರು. ಮಧ್ಯಾಹ್ನವೇ ಆಗಬೇಕು. ಮಧ್ಯಾಹ್ನ ಅಪ್ಪನಿಗೆ ಷಿಫ್ಟು. ಭಾನುವಾರವೂ ಷಿಫ್ಟೇ, ಅವರ ವಾರದ ರಜೆ ಸೋಮವಾರ. ಅಲ್ಲಿಯವರೆಗೆ ಕಾಯುವ ತಾಳ್ಮೆ ಸರಜ್ಜನಿಗಿರಲಿಲ್ಲ. ಲಲಿತಜ್ಜಿ, "ನಾನು ಕರೆಂಟು ಮುಟ್ಟಲ್ಲ ಕಣ್ರೀ," ಎಂದು ಮೊದಲೇ ಹೇಳಿದ್ದರು. ಸರಜ್ಜನ ಕಣ್ಣಿಗೆ ಡಬ್ಬಿಯ ಚಕ್ರವನ್ನು ಹಳಿಯ ಮೇಲೆ ಕೂರಿಸಲಾಗದು. ಹಾಗಾಗಿ ಓಡಿಸುವ ಜವಾಬ್ದಾರಿ ನನಗೇ ಬಂತು. ಶನಿವಾರ ಸ್ಕೂಲು ಬೆಳಿಗ್ಗೆ ಮಾತ್ರ.

ಆ ಶನಿವಾರ ಸರಜ್ಜ ಒಗೆದ ಅಂಗಿ ಹಾಕಿಕೊಂಡು ಮಡಚುವ ಕುರ್ಚಿಯ ಮೇಲೆ ಕೂತರು. ತಾರಸಿ ಅಂಗಾಲು ಸುಡುತ್ತಿತ್ತು. ನಾನು ರೈಲು ಕೂರಿಸಿ ಕರೆಂಟಿನ ಗುಂಡಿ ತಿರುಗಿಸಿದೆ. ಅದು ತಿರುವಿನಿಂದ ಹೊರಟು, ನೇರಕ್ಕೆ ಬಂದು, ಅವರ ಮುಂದೆ ಬರುವ ಸ್ವಲ್ಪ ಮೊದಲು ಪಕ್ಕಕ್ಕೆ ಉರುಳಿಬಿತ್ತು. ಮತ್ತೆ ಕೂರಿಸಿದೆ. ಮತ್ತೆ ಅಲ್ಲೇ ಬಿತ್ತು.

ಸರಜ್ಜ ಎದ್ದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಮಂಜು, ಈ ಹಳಿ ನನಗೆ ಹೊಟ್ಟೆ ಬಿಟ್ಟ ಹಾಗೆ ಕಾಣ್ತಿದೆ. ಬಾಗಿಲ ಗೆರೆ ಎಲ್ಲ ನಡುಗುತ್ತೆ, ಅದು ನನ್ನ ಕಣ್ಣು. ಇದು ನಡುಗ್ತಿಲ್ಲ, ಉಬ್ಬಿದೆ. ನೀನು ನೋಡಿ ಹೇಳು. ನೇರ ಇದೆಯಾ?"

ನಾನು ನೋಡಿದೆ. ಹಳಿ ನಿಜವಾಗಿಯೂ ಗೋಡೆಯ ಕಡೆಯಿಂದ ಒಳಕ್ಕೆ ಬಾಗಿ ಬಿಲ್ಲಿನ ಹಾಗಾಗಿತ್ತು.

"ಇಲ್ಲ ಸರಜ್ಜ, ಸೊಟ್ಟ ಇದೆ. ಜಾಸ್ತೀನೇ ಸೊಟ್ಟ."

ರೈಲು ಕೆಟ್ಟುಹೋಯಿತೆಂದು ಅವರು ಬೇಜಾರಾಗುತ್ತಾರೆ ಅಂದುಕೊಂಡೆ. ಅವರು ಜೋರಾಗಿ ನಕ್ಕರು. "ಲಲಿತಾ! ಏ ಲಲಿತಾ! ನನಗೆ ಕಾಣ್ತು ಕಣೆ! ಇರೋದೇ ಕಾಣ್ತು!" ಎಂದು ಮೆಟ್ಟಿಲ ಕಡೆ ಕೂಗಿದರು. ಹಳಿ ಹಾಳಾಗಿದ್ದಕ್ಕೆ ಯಾಕೆ ಇಷ್ಟು ಖುಷಿ ಎಂದು ನನಗೆ ತಿಳಿಯಲಿಲ್ಲ.

ಸಂಜೆ ಅಪ್ಪ ಬಂದವರೇ ಟಿಫನ್ ಕ್ಯಾರಿಯರನ್ನೂ ಕೆಳಗಿಡದೆ ಮೇಲೆ ಹತ್ತಿದರು. ಉಕ್ಕಿನ ಉದ್ದ ಪಟ್ಟಿ ತಂದು ಹಳಿಗೆ ಆನಿಸಿದರು. ಹಳಿ ದಾರ ಎಳೆದ ಹಾಗೆ ನೇರವಾಗಿತ್ತು.

"ಎಲ್ಲಿ ಬಾಗೇತಿ? ತೋರ್ಸು."

ನಾನು ಬಿದ್ದ ಜಾಗ ತೋರಿಸಿದೆ. ಅಲ್ಲಿ ಏನೂ ಇರಲಿಲ್ಲ. "ಮಧ್ಯಾಹ್ನ ಇತ್ತು ಅಪ್ಪಾ."

"ಮಧ್ಯಾಹ್ನ ಇತ್ತು, ಸಂಜಿಗೆ ಎದ್ದು ಹೋತೇನ? ಹಳಿ ಐತೋ ಹಲ್ಲಿ ಐತೋ?"

ಸರಜ್ಜ ಪಕ್ಕದಲ್ಲೇ ನಿಂತಿದ್ದರು. ಬಗ್ಗಿ ಬೆರಳಾಡಿಸಿದರು. ಇಡೀ ಉದ್ದಕ್ಕೂ. ಬೆರಳಿಗೆ ಸುಳ್ಳು ಹೇಳಲಾಗದು. ಅವರ ಮುಖ ಇಳಿಯಿತು. "ಬಿಡಯ್ಯ, ಮಗೂನ ಬೈಬೇಡ. ನಾನು ಕೇಳಿದ ರೀತಿಗೇ ಅದು ಹೂಂ ಅಂದಿದೆ. ನನಗೆ ಬೇಜಾರಾಗಬಾರದು ಅಂತ."

ನನಗೆ ತಲೆ ಕೆಟ್ಟುಹೋಯಿತು. ನಾನು ನೋಡಿದ್ದು ನೋಡಿದ್ದೇ. ಆದರೆ ಅಪ್ಪನ ಪಟ್ಟಿ ನೇರ ಅಂತ ಹೇಳುತ್ತಿತ್ತು, ಆ ಪಟ್ಟಿ ತಪ್ಪು ಹೇಳಿದ್ದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಕೆಳಗೆ ಬಂದ ಮೇಲೆ ಅವ್ವ ನನ್ನ ಕೈ ಹಿಡಿದು ಒಲೆಯ ಹತ್ತಿರ ಕೂರಿಸಿಕೊಂಡಳು. "ದೊಡ್ಡೋರಿಗೆ ಸುಳ್ಳ ಆಸೆ ಹಚ್ಚಬಾರದ್ವಾ. ನಾಳೆ ಕೇಳಿದ್ರ, ನೇರ ಐತ್ರಿ ಅನ್ನು. ನಿಮ್ಮಪ್ಪನ ಕೆಲಸಾನೂ ಉಳೀತೈತಿ."

ಮಾರನೆಯ ದಿನ ಭಾನುವಾರ. ಮತ್ತೆ ಅದೇ ಬಿಸಿಲು, ಅದೇ ಕುರ್ಚಿ. ರೈಲು ಮತ್ತೆ ಅಲ್ಲೇ ಬಿತ್ತು. ಸರಜ್ಜ ಈ ಸಲ ಎದ್ದು ಬರಲಿಲ್ಲ. ಕೂತಲ್ಲಿಂದಲೇ, ಮೆಲ್ಲಗೆ, "ಮಂಜು, ನನಗೆ ಖುಷಿ ಮಾಡೋದಕ್ಕೆ ಹೇಳಬೇಡ. ಇದ್ದದ್ದು ಹೇಳು. ನೇರ ಇದೆಯಾ?" ಎಂದರು.

ಹಳಿ ನನ್ನ ಕಾಲ ಬುಡದಲ್ಲಿ ಬಿಲ್ಲಿನ ಹಾಗೆ ಬಾಗಿತ್ತು. ನಾನು ಅದನ್ನೇ ನೋಡುತ್ತಾ, "ನೇರ ಇದೆ ಸರಜ್ಜ," ಎಂದೆ.

ಅವರು ಎದ್ದು ಕುರ್ಚಿ ಮಡಚಿದರು. ಗೋಡೆ ಹಿಡಿದುಕೊಂಡು ಇಳಿದು ಹೋದರು. ಸಂಜೆ ಅಪ್ಪನಿಗೆ, "ಬಿಚ್ಚಿಬಿಡಯ್ಯ. ನನ್ನ ಕಣ್ಣು ಮುಗೀತು," ಎಂದರಂತೆ. ಅಡುಗೆಮನೆಯ ಬಾಗಿಲಿನ ಹಾಳೆಯ ಮುಂದೆ ಅವರು ನಿಲ್ಲುವುದೂ ನಿಂತಿತು. ತಾರಸಿಗೆ ಬರಲೇ ಇಲ್ಲ. ಒಳಗಿನ ಕೋಣೆಯಲ್ಲಿ ರೇಡಿಯೋ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು.

ಅಪ್ಪ ಹಳಿ ಬಿಚ್ಚಲಿಲ್ಲ. ಮನಸ್ಸಿರಲಿಲ್ಲ, ಬಿಡುವೂ ಇರಲಿಲ್ಲ. ಮಾರ್ಚ್ ತಿಂಗಳು ಪೀಣ್ಯದಲ್ಲಿ ಹೇಗಿರುತ್ತದೆಂದು ಅಲ್ಲಿ ದುಡಿದವರಿಗೆ ಗೊತ್ತು. ವರ್ಷ ಮುಗಿಯುವ ಮುನ್ನ ಮಾಲು ಹೊರಗೆ ಹೋಗಬೇಕು. ಸೋಮವಾರಗಳಿಗೂ ಕರೆಸಿಕೊಂಡರು. ಹೀಗಾಗಿ ಅಪ್ಪ ಆ ಹಳಿಯನ್ನು ನಸುಕಿನಲ್ಲಿ ನೋಡಿದರು, ಸಂಜೆ ನೋಡಿದರು, ಮಧ್ಯಾಹ್ನ ಒಂದು ದಿನವೂ ನೋಡಲಿಲ್ಲ. ನಾನು ನೋಡುತ್ತಿದ್ದೆ. ಶನಿವಾರ, ಭಾನುವಾರ ಕದ್ದು ಮೇಲೆ ಹತ್ತಿ ನೋಡಿದರೆ ಬಾಗಿರುತ್ತಿತ್ತು. ಸಂಜೆ ನೋಡಿದರೆ ನೇರ. ಒಂದು ಸಲ ಅಜ್ಜಿಯ ರಂಗೋಲಿ ಪುಡಿ ತಂದು ಬಾಗಿದ ಹಳಿಯ ಪಕ್ಕದಲ್ಲೇ ಗೆರೆ ಎಳೆದಿಟ್ಟೆ. ಸಂಜೆ ಹಳಿ ಗೆರೆಯಿಂದ ದೂರ ಸರಿದಿತ್ತು. ಅಪ್ಪನಿಗೆ ತೋರಿಸಿದೆ.

"ರಂಗೋಲಿ ಸೊಟ್ಟ ಎಳದಿ," ಎಂದರು ಅಪ್ಪ.

ಆಮೇಲೆ ನನಗೇ ಅನುಮಾನ ಬಂತು. ನನಗೂ ಸರಜ್ಜನ ಕಾಯಿಲೆ ಬಂದಿದೆಯೇನೋ. ಒಂದು ಕಣ್ಣು ಮುಚ್ಚಿ ಹಾಳೆಯ ಗೆರೆಗಳನ್ನು ನೋಡಿದೆ. ನೇರವೇ ಇದ್ದವು. ಇನ್ನೊಂದು ಕಣ್ಣು ಮುಚ್ಚಿ ನೋಡಿದೆ. ನೇರವೇ. ಹಾಗಾದರೆ ಮಧ್ಯಾಹ್ನ ಮಾತ್ರ ಬರುವ ಕಾಯಿಲೆ ಇರಬಹುದು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಲಲಿತಜ್ಜಿ ಅಕ್ಕಿ ಸಂಡಿಗೆ ಹಾಕಿದರು. ಬೆಳಿಗ್ಗೆಯೇ ಹಿಟ್ಟು ಬೇಯಿಸಿ, ಜೀರಿಗೆ, ಹಸಿಮೆಣಸು, ಇಂಗು ಹಾಕಿ ಕಲಸಿದ ವಾಸನೆ ಹಿತ್ತಲವರೆಗೂ ಬಂದಿತ್ತು. ಹಳೆಯ ಬಿಳಿ ಸೀರೆಯೊಂದನ್ನು ತಾರಸಿಯ ಉದ್ದಕ್ಕೆ ಹಾಸಿ, ಸೌಟಿನಲ್ಲಿ ಬಿಲ್ಲೆ ಬಿಲ್ಲೆಯಾಗಿ ಹಾಕುತ್ತಾ ಹೋದರು. ಜಾಗ ಸಾಲದೆ ಕೊನೆಯ ಸಾಲು ಹಳಿಯಿಂದ ಮೂರು ಬೆರಳು ದೂರಕ್ಕೆ ಬಂತು.

"ಈ ರೈಲು ಬೇರೆ ಅಡ್ಡ. ಓಡೋದೂ ಇಲ್ಲ, ಏಳೋದೂ ಇಲ್ಲ, ಥೇಟ್ ನಮ್ಮನೆಯವರ ಹಾಗೆ," ಎಂದು ಬೈದುಕೊಂಡರು. ಕಾಗೆ ಓಡಿಸಲು ನನ್ನ ಕೈಗೆ ಕೋಲು ಕೊಟ್ಟರು. ಸಂಬಳ, ಪಾತ್ರೆಯ ತಳದಲ್ಲಿ ಉಳಿದ ಹಿಟ್ಟು. ಬೆಚ್ಚಗಿನ ಆ ಹಿಟ್ಟನ್ನು ಬೆರಳಲ್ಲಿ ತೆಗೆದು ತಿನ್ನುವ ರುಚಿ ಕರಿದ ಸಂಡಿಗೆಗೂ ಇಲ್ಲ. ನಡುಮಧ್ಯಾಹ್ನ ಅವ್ವ ಊಟಕ್ಕೆ ಕರೆದಳು. ತಿಂದು ಹಾಗೇ ತಂಪು ನೆಲದ ಮೇಲೆ ಮಲಗಿಬಿಟ್ಟೆ.

ಸಂಜೆ ಅಜ್ಜಿಯ ಕೂಗಿಗೆ ಎಚ್ಚರವಾಯಿತು. "ಯಾರೇ ಅದು ನನ್ನ ಸಂಡಿಗೆ ತುಳಿದಿದ್ದು? ಮಂಜೂ! ಕಾಗೆ ಕಾಯಿ ಅಂದ್ರೆ ನೀನೇ ಕುಣಿದಿದ್ದೀಯಾ?"

ಎಲ್ಲರೂ ಮೇಲೆ ಹೋದೆವು. ಸರಜ್ಜನೂ ಗೋಡೆ ಹಿಡಿದು ಬಂದರು. ಅಪ್ಪ ಆಗತಾನೆ ಷಿಫ್ಟಿನಿಂದ ಬಂದಿದ್ದರು. ಕೊನೆಯ ಸಾಲಿನ ಏಳೆಂಟು ಸಂಡಿಗೆಗಳ ಮೇಲೆ ಬಾಚಣಿಗೆ ಒತ್ತಿ ಎಳೆದ ಹಾಗೆ ಗುರುತುಗಳು. ಹಸಿಯಿದ್ದಾಗ ಬಿದ್ದ ಗುರುತು, ಒಣಗಿ ಗಟ್ಟಿಯಾಗಿಬಿಟ್ಟಿತ್ತು.

"ನಾನಲ್ಲ ಅಜ್ಜಿ," ಎಂದೆ.

"ನೀನಲ್ಲ ಅಂದ್ರೆ ಕಾಗೆ ಬಂದು ತಲೆ ಬಾಚ್ಕೊಂಡು ಹೋಯ್ತಾ?"

ಅಪ್ಪ ಒಂದು ಸಂಡಿಗೆ ಕಿತ್ತು ಕೈಯಲ್ಲಿ ಹಿಡಿದರು. ತಿರುಗಿಸಿ ನೋಡಿದರು. ಮುಖದಲ್ಲಿದ್ದ ಸುಸ್ತು ಹೋಗಿ ಇನ್ನೇನೋ ಬಂತು. ಜೇಬಿನಿಂದ ವರ್ನಿಯರ್ ತೆಗೆದರು. ಸಣ್ಣ ಅಳತೆ ಹಿಡಿಯುವ ಆ ಉಕ್ಕಿನ ಉಪಕರಣ ಅವರ ಜೇಬಿನಲ್ಲಿ ಪೆನ್ನಿನ ಹಾಗೆ ಸದಾ ಇರುತ್ತಿತ್ತು. ಸಂಡಿಗೆಯ ಮೇಲಿನ ಎರಡು ಗುರುತುಗಳ ನಡುವೆ ಅಳೆದರು. ಬಗ್ಗಿ, ಹಳಿಯ ಕೆಳಗಿನ ಎರಡು ಕರಿ ಪಟ್ಟಿಗಳ ನಡುವೆ ಅಳೆದರು. ಮತ್ತೆ ಸಂಡಿಗೆ ಅಳೆದರು.

"ಏನ್ ನಿಂಗಪ್ಪ, ಸಂಡಿಗೆಗೂ ಇನ್‌ಸ್ಪೆಕ್ಷನ್ನಾ?" ಎಂದರು ಅಜ್ಜಿ.

"ಸರ್ರ," ಎಂದರು ಅಪ್ಪ. ದನಿ ಸಣ್ಣದಾಗಿತ್ತು. "ಎರಡೂ ಒಂದ ಅಳತಿ ಐತ್ರಿ. ನಾ ಕೂರ್ಸಿದ ಪಟ್ಟಿ. ಹಳಿ ಇಲ್ಲಿ ತನಕ ಬಂದು ಹೊಳ್ಳಿ ಹೋಗೇತ್ರಿ."

ಸರಜ್ಜ ಕೈ ಚಾಚಿ ಸಂಡಿಗೆ ಇಸಿದುಕೊಂಡರು. ಉಗುರಿನಿಂದ ಗುರುತುಗಳನ್ನು ಒಂದೊಂದಾಗಿ ಮುಟ್ಟಿದರು. ಆಮೇಲೆ ಹಣೆ ಚಚ್ಚಿಕೊಂಡರು. "ಇಪ್ಪತ್ತು ಡಿಗ್ರಿ ಕಣಯ್ಯ! ಇಪ್ಪತ್ತು ಡಿಗ್ರಿ!"

ನನಗೆ ಅಪ್ಪ ಆಮೇಲೆ ಬಿಡಿಸಿ ಹೇಳಿದ್ದು ಇಷ್ಟು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಅವರಿಬ್ಬರೂ ಕೆಲಸ ಮಾಡಿದ್ದ ಅಳತೆಯ ಕೋಣೆಯಲ್ಲಿ ವರ್ಷವಿಡೀ ಒಂದೇ ತಂಪು, ಇಪ್ಪತ್ತು ಡಿಗ್ರಿ. ಏಪ್ರಿಲ್‌ನಲ್ಲೂ ಸ್ವೆಟರ್ ಹಾಕಿಕೊಂಡು ಕೂರಬೇಕು. ಬಿಸಿಗೆ ಲೋಹ ಬೆಳೆಯುತ್ತದೆಂದೇ ಆ ಏರ್ಪಾಟು. ಪುಸ್ತಕದಲ್ಲಿ ಇಬ್ಬರಿಗೂ ಗೊತ್ತಿತ್ತು, ಆದರೆ ಕೆಲಸ ಕಲಿಸಿದ್ದು, ಕಲಿತದ್ದು ಎರಡೂ ಲೋಹ ಬೆಳೆಯದ ಆ ಕೋಣೆಯಲ್ಲೇ. ಒಬ್ಬರು ಬೆಳಕು ತೂರದ ಹಾಗೆ ಕೂಡಿಸಿದರು, ಇನ್ನೊಬ್ಬರು ಪಾಸು ಅಂದರು. ಬಿಸಿಲಿಗೆ ಬೆಳೆದ ಹಳಿಗೆ ಎರಡೂ ತುದಿಯಲ್ಲಿ ಸಿಮೆಂಟು, ನಡುವೆ ಕೂದಲಷ್ಟೂ ಸಂದಿಲ್ಲ. ಪಕ್ಕಕ್ಕೆ ಉಬ್ಬದೆ ಎಲ್ಲಿಗೆ ಹೋಗಬೇಕು? ನಾನು ಈಗ ಶೀಟು ಕೊಳ್ಳುವವರಿಗೆಲ್ಲ ಹೇಳುತ್ತೇನೆ: ಸ್ಕ್ರೂಗಿಂತ ತೂತು ದೊಡ್ಡದಿರಲಿ, ಬಿಗಿಯಾಗಿ ಕೂತದ್ದೇ ಒಳ್ಳೆಯ ಕೆಲಸ ಅಂದುಕೊಳ್ಳಬೇಡಿ. ಅರ್ಧ ಜನ ಕೇಳುವುದಿಲ್ಲ. ಕೆಲಸ ಚೆನ್ನಾಗಿ ಬಲ್ಲವರಂತೂ ಕೇಳುವುದೇ ಇಲ್ಲ.

"ನಾವಿಬ್ರೂ ಆ ರೂಮಿಂದ ಇನ್ನೂ ಹೊರಗೆ ಬಂದೇ ಇಲ್ಲ ನಿಂಗಪ್ಪ," ಎಂದು ಸರಜ್ಜ ನಗುತ್ತಿದ್ದರು. ನಗು ನಿಲ್ಲಿಸಿ ಥಟ್ಟನೆ ನನ್ನ ಕಡೆ ತಿರುಗಿದರು. "ಹಾಗಾದ್ರೆ ಆ ಭಾನುವಾರ? ನೇರ ಇದೆ ಅಂದ್ಯಲ್ಲ ನೀನು?"

ಎಲ್ಲರೂ ನನ್ನನ್ನೇ ನೋಡಿದರು. ಅವ್ವ ಮಾತ್ರ ಸೆರಗಿನ ತುದಿ ನೋಡುತ್ತಿದ್ದಳು.

"ನಾನೇ ಹೇಳಿದೆ. ಯಾರೂ ಹೇಳಿಕೊಟ್ಟಿಲ್ಲ," ಎಂದೆ.

ಯಾರೂ ಕೇಳದಿದ್ದರೂ ಎರಡನೆಯ ಮಾತನ್ನೂ ಹೇಳಿಬಿಟ್ಟಿದ್ದೆ. ಅದರಿಂದಲೇ ಅವರಿಗೆ ತಿಳಿದಿರಬೇಕು. "ಆಯ್ತು ಬಿಡಮ್ಮ," ಎಂದು ತಲೆ ಸವರಲು ಕೈ ಚಾಚಿದರು. ಕೈ ತಲೆಗೆ ತಾಗಲಿಲ್ಲ, ಭುಜಕ್ಕೆ ಬಂತು.

ಮಾರನೆಯ ದಿನ ಸೋಮವಾರ. ಕೆಲಸಕ್ಕೆ ಬರುವುದಿಲ್ಲ ಎಂದು ಅಪ್ಪ ಹೇಳಿ ಕಳಿಸಿದರು. ನನಗೆ ಹೊಟ್ಟೆನೋವು ಬಂತು, ಸ್ಕೂಲಿಗೆ ಹೋಗಲಿಲ್ಲ. ನಸುಕಿನಲ್ಲಿ ಅಪ್ಪ ಗರಗಸ ಹಿಡಿದು ತಮ್ಮ ಕೂಡಿಕೆಯ ಮುಂದೆ ಕೂತರು. ಬಹಳ ಹೊತ್ತು ಹಾಗೇ ಕೂತಿದ್ದರು.

"ಕತ್ತರಿಸಯ್ಯ," ಎಂದರು ಸರಜ್ಜ.

"ಕೈ ಬರವಲ್ದ್ರಿ."

"ನಾನು ಪಾಸು ಮಾಡಿದ್ದು. ಈಗ ಫೇಲ್ ಮಾಡಿದೀನಿ. ಕತ್ತರಿಸು."

ಒಂದೊಂದು ನೇರದಲ್ಲೂ ನಾಲ್ಕು ಕಡೆ ಸಂದು ಬಿಟ್ಟರು. ಹಳಿಯ ತುದಿಗಳು ಜಾರಾಡಲು ಸಣ್ಣ ಹಿತ್ತಾಳೆ ಕವಚ, ಕರೆಂಟು ದಾಟಲು ಒಂದೊಂದು ತುಂಡು ವೈರು. ಬೆಳಿಗ್ಗೆ ಸಂದಿನ ಮೂಲಕ ನನಗೆ ಆಚೆಯ ಬೆಳಕು ಕಾಣುತ್ತಿತ್ತು. ಬಿಸಿಲೇರಿದ ಹಾಗೆ ಸಂದುಗಳು ತಾವಾಗಿಯೇ ಕಿರಿದಾಗುತ್ತಾ ಬಂದವು. ಮಧ್ಯಾಹ್ನದ ಹೊತ್ತಿಗೆ ಬೆಳಕೇ ಇಲ್ಲ. ಹಳಿ ನೇರವಾಗಿಯೇ ಇತ್ತು. ಅಪ್ಪ ಪಟ್ಟಿ ಆನಿಸಿ ನೋಡಿದರು, ನಾನು ಕಣ್ಣಿಟ್ಟು ನೋಡಿದೆ.

ಸರಜ್ಜ ಕುರ್ಚಿಯಲ್ಲಿ ಕೂತರು. ಅಜ್ಜಿ, ಅವ್ವ ಟ್ಯಾಂಕಿನ ನೆರಳಿನಲ್ಲಿ ನಿಂತರು. ನಾನು ಗುಂಡಿ ತಿರುಗಿಸಿದೆ. ಹಸಿರು ಎಂಜಿನ್ನು ಮೂರು ಡಬ್ಬಿ ಎಳೆದುಕೊಂಡು ಆಚೆಯ ತಿರುವಿನಿಂದ ಹೊರಟಿತು. ಇಪ್ಪತ್ತೈದು ಅಡಿಯ ಉದ್ದಕ್ಕೂ ಒಂದೇ ಸಮನೆ ಬಂತು, ಪ್ರತಿ ಸಲ ಬೀಳುತ್ತಿದ್ದ ಜಾಗವನ್ನು ದಾಟಿತು, ಸರಜ್ಜನ ಪಾದದ ಮುಂದೆಯೇ ಹಾದು ಈಚೆಯ ತಿರುವಿಗೆ ಹೋಯಿತು. ಅಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು.

ನಾನು ಸರಜ್ಜನ ಕಡೆ ನೋಡಿದೆ. ಅವರು ರೈಲಿನ ಕಡೆ ನೋಡುತ್ತಿರಲಿಲ್ಲ. ಮುಖ ಪಕ್ಕಕ್ಕೆ, ನೀರಿನ ಟ್ಯಾಂಕಿನ ಕಡೆ ತಿರುಗಿತ್ತು.

"ಸರಜ್ಜ, ಆ ಕಡೆ ಅಲ್ಲ, ಈ ಕಡೆ! ಈ ಕಡೆ!"

"ಶ್, ಓಡಿಸು," ಎಂದರು.

ಮೂರು ಸುತ್ತು ಓಡಿಸಿದೆ. ಮೂರು ಸಲವೂ ಅವರ ಮುಖ ಟ್ಯಾಂಕಿನ ಕಡೆಗೇ ಇತ್ತು. ನಿಲ್ಲಿಸಿ ಹತ್ತಿರ ಹೋಗಿ ಕೇಳಿದೆ, "ಕಾಣ್ತಾ?"

"ಕಾಣ್ತು ಕಣಮ್ಮ. ಹಸಿರು ಎಂಜಿನ್ನು, ಮೂರು ಡಬ್ಬಿ."

"ಹಳಿ?"

"ನೇರ ಇದೆ," ಎಂದರು ಸರಜ್ಜ. ನನ್ನ ಕಡೆ ತಿರುಗಿ ನಕ್ಕರು.

ಆ ಹೊತ್ತಿಗೆ ನನಗೆ ಖುಷಿಯೇ ಆಯಿತು. ಕುಣಿದೆ. ಹೊಳೆದದ್ದು ಆಮೇಲೆ, ಆ ದಿನ ರೊಟ್ಟಿ ಮುರಿಯುವಾಗ. ಎಂಜಿನ್ನು ಹಸಿರು ಎಂದು ಅವರಿಗೆ ನಾನು ಹುಟ್ಟುವ ಮೊದಲಿನಿಂದ ಗೊತ್ತು. ಇನ್ನು ಹಳಿ, ನೇರ ಗೆರೆ ಯಾವುದೂ ಅವರಿಗೆ ನೇರ ಕಾಣುವುದಿಲ್ಲ, ಬಾಗಿಲ ಚೌಕಟ್ಟೂ ನಡುಗುತ್ತದೆ. ನಿಜವಾಗಿ ಕಂಡಿದ್ದರೆ ನಡುಗುತ್ತಿದೆ ಅನ್ನಬೇಕಿತ್ತು. ನೇರ ಇದೆ ಎಂದು ನನಗೆ ಹೇಳಿದ್ದು ಯಾಕೆ? ಬಾಗಿದ ಹಳಿ ನೋಡಿ ನಾನು ಹೇಳಿದ ಅದೇ ಮಾತು.

ಅಪ್ಪನನ್ನು ಕೇಳಿದೆ. "ಸರ್ ಕಾಣ್ತು ಅಂದ್ರ ಕಾಣ್ತು," ಎಂದು ಮುಗಿಸಿದರು. ದೊಡ್ಡವಳಾದ ಮೇಲೆ ಲಲಿತಜ್ಜಿಯನ್ನು ಕೇಳಿದೆ. "ಕೆನ್ನೆ ಒದ್ದೆ ಇತ್ತು ಕಣೆ ಅವತ್ತು. ಬೆವರೋ ಏನೋ, ನಾನೂ ಕೇಳಲಿಲ್ಲ," ಎಂದರು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಸರಜ್ಜನಿಗೆ ಬಿಸಿಲಿನಲ್ಲೂ ನನ್ನ ಜಡೆಯ ಟೇಪು ಕಾಣುತ್ತಿರಲಿಲ್ಲ. ಈಚೆಗೆ ಅವ್ವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಇದನ್ನೂ ಕೇಳಿದೆ. ನಡುವಿನ ನೋಟ ಹೋದವರು ಮುಖ ಪಕ್ಕಕ್ಕೆ ತಿರುಗಿಸಿ ಅಂಚಿನ ನೋಟದಿಂದ ನೋಡುವುದುಂಟು ಎಂದರು ಅವರು. ಹಾಗಾದರೆ ಸರಜ್ಜ ನೋಡುತ್ತಲೇ ಇದ್ದಿರಬಹುದು. "ನೋಡಿರ್ತಾರಾ ಡಾಕ್ಟ್ರೇ?" ಎಂದೆ. "ನಾನು ಹೇಗೆ ಹೇಳಲಿ ಮೇಡಂ?" ಎಂದರು.

ಸರಜ್ಜ, ಅಜ್ಜಿ, ಅಪ್ಪ ಯಾರೂ ಈಗಿಲ್ಲ. ಆ ಮನೆಯ ಜಾಗದಲ್ಲಿ ನಾಲ್ಕು ಮಹಡಿಯ ಪಿಜಿ ಎದ್ದಿದೆ. ಅದರ ನೆತ್ತಿಗೂ ಶೀಟು, ಸುತ್ತಲಿನ ಎಲ್ಲ ತಾರಸಿಗಳಿಗೂ ಶೀಟು. ಅರ್ಧದಷ್ಟು ನಾನೇ ಮಾರಿದ್ದು. ಅಲ್ಲಿ ಈಗ ಸಂಡಿಗೆ ಒಣಗಿಸುವಷ್ಟು ಬಿಸಿಲು ಬೇಕೆಂದರೆ ಬಸ್ಸು ಹಿಡಿದು ಬೇರೆ ಕಡೆ ಹೋಗಬೇಕು.

ಅವರು ಕಂಡರೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ, ಅದನ್ನು ಒಪ್ಪಿಕೊಂಡಿದ್ದೇನೆ. ನನಗೆ ಗೊತ್ತಿರುವುದು ಇಷ್ಟೇ: ಮೊದಲ ಶನಿವಾರ ಅವರಿಗೆ ಹಳಿ ಉಬ್ಬಿದ್ದು ಕಂಡಿತ್ತು. ಅಷ್ಟು ಕಾಣುತ್ತಿತ್ತು. ನಾನು ನೇರ ಇದೆ ಅಂದ ಭಾನುವಾರಕ್ಕೂ, ಅವರು ನೇರ ಇದೆ ಅಂದ ಸೋಮವಾರಕ್ಕೂ ನಡುವೆ ಇಪ್ಪತ್ತೊಂದು ಮಧ್ಯಾಹ್ನಗಳು. ಅಷ್ಟೂ ದಿನ ಸರಜ್ಜ ಗೋಡೆಯ ಕಡೆ ತಿರುಗಿ ಕೂತಿದ್ದರು. ಹೊರಗೆ ತಾರಸಿಯ ಮೇಲೆ ಬಿಸಿಲು ಚೆನ್ನಾಗಿಯೇ ಇತ್ತು.